ನನಗಿಲ್ಲದ ಕಾಯಿಲೆ

ಬೋಳಿಸಿದ ತಲೆಯ ಮೇಲೆ ಸೆರಗು ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಎಪ್ಪತ್ತೆರಡನೇ ವಯಸ್ಸಿನಲ್ಲಿ. ಮೊದಲ ಎರಡು ದಿನ ಅದು ಸುಮ್ಮನೆ ಜಾರಿ ಹೆಗಲಿಗೆ ಬೀಳುತ್ತದೆ. ನಾಲ್ಕನೇ ದಿನದಿಂದ ಕುರುಚಲು ಕೂದಲೆದ್ದು ಸೀರೆಯನ್ನು ಕಚ್ಚಿ ಹಿಡಿದುಕೊಳ್ಳುತ್ತದೆ, ಎಳೆದರೂ ಬಿಡುವುದಿಲ್ಲ. ಅಂಗೈ ಆಡಿಸಿದರೆ ರಾಗಿ ಕೊಯ್ದ ಹೊಲದ ಕೂಳೆಯ ಮೇಲೆ ಬರಿಗಾಲಿನಲ್ಲಿ ನಡೆದ ಹಾಗಾಗುತ್ತದೆ. ಇದನ್ನೆಲ್ಲ ಕನ್ನಡಿ ನೋಡಿ ಕಂಡುಕೊಂಡದ್ದಲ್ಲ. ನಮ್ಮ ಮನೆಯ ಕನ್ನಡಿ ಸೊಸೆಯ ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿದ್ದು, ನನಗೆ ಅದರಲ್ಲಿ ಹಣೆ ಮಾತ್ರ ಕಾಣುತ್ತದೆ.

ತಲೆಯ ವಿಷಯ ಇಷ್ಟು ಹೇಳುವುದಕ್ಕೆ ಕಾರಣವಿದೆ. ಈ ತಲೆಯನ್ನು ನೋಡಿದವರೆಲ್ಲ ನನಗೊಂದು ಕಾಯಿಲೆ ಇದೆಯೆಂದು ತೀರ್ಮಾನ ಮಾಡಿಕೊಂಡಿದ್ದಾರೆ. ಅದೇ ಕಾಯಿಲೆ ಇಲ್ಲವೆಂದು ಗೊತ್ತಾದ ಸಂತೋಷಕ್ಕೆ ನಂಜನಗೂಡಿನ ನಂಜುಂಡನಿಗೆ ಮುಡಿ ಕೊಟ್ಟು ಬಂದದ್ದು ನಾನು. ಇಲ್ಲ ಎಂಬುದಕ್ಕೆ ಬೋಳಿಸಿದ ತಲೆ, ಇದೆ ಎಂಬುದಕ್ಕೆ ಸಾಕ್ಷಿಯಾಗಿ ಹೆಗಲ ಮೇಲೆ ಕೂತಿದೆ. ಜನ ತಪ್ಪು ತಿಳಿದುಕೊಂಡರೆ ತಿಳಿದುಕೊಳ್ಳಲಿ ಎಂದು ಬಿಟ್ಟುಬಿಡಬಹುದಾಗಿತ್ತು. ಆದರೆ ನೋಡಿ, ಕೆಲವು ದಿನ ನನಗೂ ಗೊತ್ತಿರಲಿಲ್ಲ, ಯಾರು ತಪ್ಪು ತಿಳಿದಿರುವುದು ಎಂದು. ಅವರೋ, ನಾನೋ.

ಮೊದಲಿಂದ ಹೇಳುತ್ತೇನೆ. ನಾವಿರುವುದು ತಿ. ನರಸೀಪುರದಿಂದ ಸೋಮನಾಥಪುರದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ನಾನು, ಮಗ, ಸೊಸೆ, ಎರಡು ಹಸು. ಮಗಳು ಮಾದೇವಿಯನ್ನು ನಂಜನಗೂಡಿಗೆ ಕೊಟ್ಟಿದ್ದೇವೆ, ಅಳಿಯ ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಕೆಮ್ಮು ನನಗೆ ಹೊಸದೇನಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿದವಳಿಗೆ ಕೆಮ್ಮು ಮನೆಯ ಬೆಕ್ಕಿನ ಹಾಗೆ, ಬರುತ್ತದೆ, ಹೋಗುತ್ತದೆ, ಯಾರೂ ಕೇಳುವುದಿಲ್ಲ. ಆದರೆ ಈ ಸಲ ಬಂದದ್ದು ಭತ್ತದ ಕುಯಿಲಿಗೆ ಬಂದು, ಒಕ್ಕಣೆ ಮುಗಿದು, ಹುಲ್ಲು ಮೆದೆ ಹಾಕಿದ ಮೇಲೂ ಹೋಗಲಿಲ್ಲ. ಮಗ ನರಸೀಪುರಕ್ಕೆ ಕರೆದುಕೊಂಡು ಹೋಗಿ ಎದೆಯ ಎಕ್ಸ್‌ರೇ ತೆಗೆಸಿದ. ಬಲಗಡೆ ಕೆಳಗೆ ಒಂದು ಬಿಳಿ ಮಚ್ಚೆ, ಸುಣ್ಣದ ಬೆರಳು ಗೋಡೆಗೆ ಒರೆಸಿದ ಹಾಗೆ. ಟೀಬಿ ಇರಬಹುದೆಂದು ಕಫ ಪರೀಕ್ಷೆ ಮಾಡಿದರು. ಅದಲ್ಲ ಎಂದರು. ಅದಲ್ಲ ಎಂದಾಗ ಮಗನ ಮುಖ ಸಣ್ಣಗಾಯಿತು. ಟೀಬಿ ಇಲ್ಲ ಎಂದರೆ ಸಂತೋಷಪಡಬೇಕಲ್ಲ, ಇವನೇಕೆ ಹೀಗೆ ಎಂದು ನನಗೆ ಆಗಲೇ ಗೊಂದಲ ಶುರುವಾದದ್ದು.

ಮೈಸೂರಿಗೆ ಕರೆದುಕೊಂಡು ಹೋದದ್ದು ಮಗಳು. ಅಲ್ಲಿ ಒಂದು ದೊಡ್ಡ ಬಳೆಯಂಥ ಯಂತ್ರದೊಳಗೆ ನನ್ನನ್ನು ಮಲಗಿಸಿ ತೂರಿಸಿ ಚಿತ್ರ ತೆಗೆದರು. ಆಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕೂರಿಸಿಕೊಂಡು ಕೇಳಿದ.

“ಬೀಡಿ, ಸಿಗರೇಟು ಏನಾದ್ರೂ ಅಭ್ಯಾಸ ಇತ್ತಾ ಅಮ್ಮ?”

“ನಾ ಸೇದಾಕಿಲ್ಲ ಸಾ. ಸೇದೋರು ತೀರ್ಕಂಡ್ರು.”

ಅವನು ನಗಲಿಲ್ಲ, ಬರೆದುಕೊಂಡ. ಬರೆದುಕೊಂಡು, “ಅಮ್ಮ, ನೀವು ಸ್ವಲ್ಪ ಆಚೆ ಕೂತಿರಿ, ನಿಮ್ಮ ಮಗಳ ಹತ್ತಿರ ಮಾತಾಡ್ತೀನಿ,” ಎಂದ.

ಆಚೆ ಬೆಂಚಿನ ಮೇಲೆ ಕೂತೆ. ಬಾಗಿಲಿಗೆ ಗಾಜಿತ್ತು; ಮಾದೇವಿಯ ಬೆನ್ನು ಕಾಣುತ್ತಿತ್ತು. ಬೆನ್ನು ಮೊದಲು ನೆಟ್ಟಗಿತ್ತು, ಆಮೇಲೆ ಬಾಗಿತು. ಹೊರಗೆ ಬಂದವಳು ಮೂಗು ಒರೆಸಿಕೊಂಡು, ಅಲ್ಲಿ ಇಲ್ಲಿ ನೋಡಿಕೊಂಡು, “ಏನೂ ಇಲ್ವಂತೆ ಕಣವ್ವ, ಅಳೇ ಕಫ ಕಟ್ಕಂಡದಂತೆ,” ಎಂದಳು.

ನಾನು ಹೇಳಿ ಬರೆಸಿದ ಇದನ್ನು ಓದುತ್ತಿರುವ ನಿಮಗೆ ಆ ಮಾತು ಸಮಾಧಾನದ ಮಾತಿನ ಹಾಗೆ ಕೇಳಿಸಬಹುದು. ನನಗೆ ಅದು ತೀರ್ಪಿನ ಹಾಗೆ ಕೇಳಿಸಿತು. ಏಕೆಂದರೆ ಆ ಮಾತು ನನ್ನದು. ಹದಿಮೂರು ವರ್ಷದ ಹಿಂದೆ ನನ್ನ ಗಂಡನನ್ನು ಹೀಗೇ ಆಚೆ ಕೂರಿಸಿ ಡಾಕ್ಟರು ನನ್ನನ್ನು ಒಳಗೆ ಕರೆದಾಗ, ಎದೆಯೊಳಗೆ ಕ್ಯಾನ್ಸರು ಬಂದು ಕೈ ಮೀರಿಹೋಗಿದೆ, ಮನೆಗೆ ಕರೆದುಕೊಂಡು ಹೋಗಿ, ತಿನ್ನುವುದನ್ನು ತಿನ್ನಿಸಿ ಎಂದಾಗ, ಹೊರಗೆ ಬಂದು ನಾನು ಅವರಿಗೆ ಹೇಳಿದ್ದು ಅದೇ: “ಏನೂ ಇಲ್ಲ ಸುಮ್ನಿರಿ, ಅಳೇ ಕಫ ಕಟ್ಕಂಡದಂತೆ.” ಕ್ಯಾನ್ಸರು ಎಂಬ ಮಾತನ್ನು ಅದು ಬಂದವರ ಎದುರಿಗೆ ಆಡುವ ಪದ್ಧತಿ ನಮ್ಮಲ್ಲಿಲ್ಲ. ಬಂದವರನ್ನು ಬಿಟ್ಟು ಊರಿಗೆಲ್ಲ ಹೇಳುತ್ತೇವೆ. ಬೀದಿಯ ಕೊನೆಯ ಮನೆಯವರಿಗೂ ಗೊತ್ತಿರುತ್ತದೆ, ಹಾಲು ಹಾಕಿಸಿಕೊಳ್ಳುವ ಡೈರಿಯವನಿಗೂ ಗೊತ್ತಿರುತ್ತದೆ, ಮಂಚದ ಮೇಲೆ ಮಲಗಿರುವ ಒಬ್ಬರಿಗೆ ಮಾತ್ರ ಕಫ. ಇದು ಸರಿಯೋ ತಪ್ಪೋ ನಾನು ಯೋಚಿಸಿದವಳಲ್ಲ. ಅಡುಗೆಗೆ ಉಪ್ಪು ಹಾಕುವ ಹಾಗೆ ಎಲ್ಲರೂ ಹಾಕುತ್ತಿದ್ದ ಸುಳ್ಳನ್ನು ನಾನೂ ಹಾಕಿದ್ದೆ. ಅದನ್ನು ಉಣ್ಣುವವರಿಗೆ ರುಚಿ ಹೇಗಿರುತ್ತದೆ ಎಂದು ಮೈಸೂರಿನ ಆ ಬೆಂಚಿನ ಮೇಲೆ ಗೊತ್ತಾಯಿತು.

ಬಸ್ಸಿನಲ್ಲಿ ಕೂತು ನಾನೇ ಲೆಕ್ಕ ಹಾಕಿದೆ, ನನ್ನ ಗಂಡ ಆರು ತಿಂಗಳಿದ್ದರು, ಅಂದರೆ ನಾನು ಮಾವಿನ ಹಣ್ಣಿನ ಕಾಲ ಮುಗಿಯುವವರೆಗೆ. ನನಗೆ ದುಃಖವೇನೂ ಆಗಲಿಲ್ಲ. ಸಿಟ್ಟು ಬಂತು. ಸಾಯುವವಳು ನಾನು, ನನ್ನನ್ನು ಬಿಟ್ಟು ಎಲ್ಲರಿಗೂ ಹೇಳಿದ್ದೀರಲ್ಲ ಎಂದು. ಆ ಸಿಟ್ಟು ಬಂದಾಗ ಅವರ ನೆನಪಾಯಿತು. ಅವರೂ ಹೀಗೇ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದರೋ ಏನೋ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡು ವಾರ ಬಿಟ್ಟು ಮತ್ತೆ ಕರೆಸಿ ಬೆನ್ನಿನ ಕಡೆಯಿಂದ ಉದ್ದನೆಯ ಸೂಜಿ ಹಾಕಿ ಆ ಮಚ್ಚೆಯ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಇದ್ದವರು ಬೇರೆ ಡಾಕ್ಟರು, ವಯಸ್ಸಾದವರು, ಕಿವಿಯಲ್ಲೂ ಕೂದಲು ನರೆತವರು. ಈ ಸಲವೂ ಮೊದಲು ಒಳಗೆ ಹೋದವಳು ಮಾದೇವಿಯೇ. ಸುಮಾರು ಹೊತ್ತು ಮಾತಾಡಿದಳು. ಆಮೇಲೆ ನನ್ನನ್ನು ಕರೆದರು. ಆ ದೊಡ್ಡ ಡಾಕ್ಟರು ನನ್ನ ಬೀಡಿ ಕೇಳಲಿಲ್ಲ, ಒಲೆ ಕೇಳಲಿಲ್ಲ. ಅವರು ಕೇಳಿದ್ದು, “ಮೂಗಿಗೆ ಏನಾದ್ರೂ ಬಿಟ್ಕೊಳ್ತೀರಾ ತಾಯಿ?”

“ಅರಳೆಣ್ಣೆ,” ಎಂದೆ. “ದಿನಾ ಮಲಗೋಕೆ ಮುಂಚೆ ಮೂಗಿನ ಎರಡೂ ಒಳ್ಳೆಗೆ ಬಿಟ್ಕಂಡು, ಎಳ್ಕಂಡು ಮಲಗ್ತೀನಿ. ಕಣ್ಣಿಗೆ ತಂಪು, ನೆತ್ತಿಗೆ ತಂಪು. ನಮ್ಮತ್ತೆ ಕಲಿಸಿದ್ದು.”

“ಎಷ್ಟು ವರ್ಷದಿಂದ?”

“ಮದ್ವೆಯಾಗಿ ಬಂದಾಗ್ಲಿಂದ.”

ಅವರು ನಕ್ಕು, ಮಾದೇವಿಯ ಕಡೆ ತಿರುಗಿ, ನೋಡಿದಿರಾ ಎನ್ನುವ ಹಾಗೆ ತಲೆಯಾಡಿಸಿದರು. ಆಮೇಲೆ ನನಗೆ ಬಿಡಿಸಿ ಹೇಳಿದರು. ಮೂಗಿಗೆ ಬಿಟ್ಟ ಎಣ್ಣೆ ನೆತ್ತಿಗೆ ಏರುವುದಿಲ್ಲ, ಮಲಗಿದಾಗ ಗೊತ್ತಾಗದ ಹಾಗೆ ಕೆಳಕ್ಕಿಳಿದು ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಕರಗಿಸುವವರಿಲ್ಲ. ವರ್ಷವರ್ಷ ಕೂತು ಕೂತು ಸುತ್ತ ಬಾವು ಬಂದು ಗಡ್ಡೆಯ ಹಾಗೆ ಗಟ್ಟಿಯಾಗುತ್ತದೆ. ಚಿತ್ರ ತೆಗೆದರೆ ಕ್ಯಾನ್ಸರಿನ ಹಾಗೇ ಕಾಣುತ್ತದೆ. ಎಣ್ಣೆಯೊಂದೇ ಅಲ್ಲವಂತೆ. ಯಾವಾಗಲೋ ಬಂದು ತಾನೇ ವಾಸಿಯಾದ ಟೀಬಿಯ ಕಲೆ, ಒಂದು ಬಗೆಯ ಬೂಷ್ಟು, ವಾಸಿಯಾಗದೆ ಉಳಿದ ನ್ಯುಮೋನಿಯಾ, ಹುಟ್ಟಿನಿಂದಲೇ ಇದ್ದಂಥ ಮೆದುಮೂಳೆಯ ಗಂಟು, ಇವೆಲ್ಲವೂ ಹಾಗೇ ಬಿಳಿಯಾಗಿ ಕಾಣುತ್ತವಂತೆ, ಚೂರು ತೆಗೆದು ನೋಡುವವರೆಗೆ ಎಂಥ ಡಾಕ್ಟರಿಗೂ ಖಚಿತವಾಗಿ ಹೇಳಲಾಗುವುದಿಲ್ಲವಂತೆ. ಮಂಜು ಬಿದ್ದ ಬೆಳಗ್ಗೆ ಗದ್ದೆಯ ಬದುವಿನ ಮೇಲೆ ನಿಂತದ್ದು ಎಮ್ಮೆಯೋ ಮೋಟುಮರವೋ ಹತ್ತಿರ ಹೋಗಿ ಮುಟ್ಟಿದ ಮೇಲೇ ಗೊತ್ತಾಗುವುದಲ್ಲವೇ, ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ.

“ಮಾತ್ರೆ ಏನೂ ಬೇಡ. ಎಣ್ಣೆ ಬಿಡೋದು ನಿಲ್ಲಿಸಿ. ಮೂರು ತಿಂಗಳು ಬಿಟ್ಟು ಬನ್ನಿ, ಮಚ್ಚೆ ಸಣ್ಣದಾಗಿರುತ್ತೆ,” ಎಂದು ನನ್ನ ಬೆನ್ನು ತಟ್ಟಿದರು.

ನೀವಾದರೆ ಅಲ್ಲೇ ಅವರ ಕಾಲಿಗೆ ಬೀಳುತ್ತಿದ್ದಿರಿ. ಮಾದೇವಿ ಬಿದ್ದಳು. ನಾನು ಮಾತ್ರ ಕೂತಲ್ಲೇ ಕೂತು ಇನ್ನೊಂದು ದಿನವನ್ನು ನೆನೆಯುತ್ತಿದ್ದೆ. ಅವತ್ತೂ ಡಾಕ್ಟರು ನನ್ನ ಗಂಡನ ಬೆನ್ನು ತಟ್ಟಿ, “ಏನಿಲ್ಲ ಯಜಮಾನ್ರೆ, ಔಷಧಿ ಬೇಡ, ಚೆನ್ನಾಗಿ ಊಟ ಮಾಡಿ,” ಎಂದು ನಗುತ್ತಲೇ ಹೇಳಿದ್ದರು. ಏನೂ ಆಗದವನಿಗೂ ಔಷಧಿ ಕೊಡುವುದಿಲ್ಲ, ಎಲ್ಲ ಮುಗಿದವನಿಗೂ ಔಷಧಿ ಕೊಡುವುದಿಲ್ಲ. ಇಬ್ಬರನ್ನೂ ಬೆನ್ನು ತಟ್ಟಿಯೇ ಮನೆಗೆ ಕಳಿಸುವುದು. ಈಗ ನೀವೇ ಹೇಳಿ, ಬೆನ್ನಿಗೆ ಬಿದ್ದ ಕೈಯನ್ನು ನೋಡಿ ಯಾವ ಕೈ ಇದು ಎಂದು ಗುರುತಿಸುವುದು ಹೇಗೆ? ನಿಜವಾದ ಒಳ್ಳೆಯ ಸುದ್ದಿಗೂ ಸಾಯುವವರಿಗೆ ಹೇಳುವ ಒಳ್ಳೆಯ ಸುದ್ದಿಗೂ ನಮ್ಮ ಕಡೆ ಇರುವುದು ಒಂದೇ ಮಾತು. ಬೇರೆ ಮಾತು ಮಾಡಿಟ್ಟುಕೊಳ್ಳಬೇಕಾಗಿತ್ತು, ನಮ್ಮ ಹಿಂದಿನವರು ಮಾಡಲಿಲ್ಲ.

ಮೈಸೂರಿನಿಂದ ನಾವು ಊರಿಗೆ ಹೋಗಲಿಲ್ಲ, ನಂಜನಗೂಡಿನಲ್ಲಿ ಇಳಿದೆವು. ಆಗ ಮಾದೇವಿ ಬಾಯಿ ಬಿಟ್ಟಳು. ಕ್ಯಾನ್ಸರಲ್ಲ ಎಂದು ಬಂದರೆ ಮುಡಿ ಕೊಡಿಸುತ್ತೇನೆಂದು ನಂಜುಂಡನಿಗೆ ಹರಕೆ ಹೊತ್ತಿದ್ದಳಂತೆ.

“ಯಾರ ಮುಡಿ?” ಎಂದೆ.

“ನಿಂದೇ ಕಣವ್ವ.”

“ಅರಕೆ ನಿಂದು, ತಲೆ ನಂದಾ?”

“ನನ್ ತಲೆ ಬೋಳಿಸ್ಕಂಡ್ರೆ ನಿಮ್ಮಳಿಯ ಸುಮ್ನಿದ್ದಾನಾ? ನಿಂಗೇನವ್ವ, ಎಪ್ಪತ್ತೆರಡು ವರ್ಷ, ಯಾರ್ ನೋಡ್ಬೇಕು?”

ಇಂಥ ಮಗಳನ್ನು ಹೆತ್ತದ್ದಕ್ಕೆ ನನಗೆ ಒಳಗೊಳಗೇ ಸಂತೋಷವಾಯಿತು. ನನ್ನ ಹಾಗೇ ಇದ್ದಾಳೆ. ಕಪಿಲೆಯ ದಂಡೆಗೆ ಹೋದೆವು. ಮುಡಿ ತೆಗೆಯುವವನು ಕತ್ತಿಗೆ ಹೊಸ ಅಲಗು ಹಾಕಿ, ತಣ್ಣೀರು ಸವರಿ, ನನ್ನ ಮೊಳದುದ್ದದ ಬಿಳಿ ಕೂದಲನ್ನು ಎರಡು ಮಾತು ಮುಗಿಯುವಷ್ಟರಲ್ಲಿ ಇಳಿಸಿದ. ಮುಳುಗು ಹಾಕಿ ಎದ್ದಾಗ ತಲೆಗೆ ಗಾಳಿ ತಾಗಿತು, ಮತ್ತು ಆ ಗಾಳಿಯ ಜೊತೆಗೇ ಒಂದು ಯೋಚನೆಯೂ ತಾಗಿತು: ಮಾದೇವಿ ನನಗೆ ಸುಳ್ಳು ಹೇಳಬಹುದು, ನಂಜುಂಡನಿಗೆ ಹೇಳುತ್ತಾಳೆಯೇ? ವಿಷ ಕುಡಿದು ಅರಗಿಸಿಕೊಂಡವನ ಎದುರಿಗೆ, ಆಗದ ಹರಕೆಯನ್ನು ಆಗಿದೆಯೆಂದು ತೀರಿಸುವ ಧೈರ್ಯ ಅವಳಿಗೆಲ್ಲಿಂದ ಬರಬೇಕು? ಹಾಗಾದರೆ ನಿಜ. ನನಗಿರುವುದು ಬರೀ ಎಣ್ಣೆ. ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕೆ. ಮಾದೇವಿಯೂ ನಕ್ಕಳು.

ಆ ನಗು ಊಟದವರೆಗೆ ಉಳಿಯಿತು. ಊಟಕ್ಕೆ ಕೂತಾಗ ಅನ್ನಕ್ಕೆ ಕೈ ಹಾಕಿದವಳಿಗೆ ನೆನಪಾಯಿತು: ನಾನು ಸುಳ್ಳು ಹೇಳಿದ್ದೆ. ಅದೇ ನಂಜುಂಡನಿಗೆ, ಅದೇ ದಂಡೆಯಲ್ಲಿ. ನನ್ನ ಗಂಡ ಕಫದ ಮಾತನ್ನು ನಂಬುತ್ತಿಲ್ಲ ಎಂದು ಅನುಮಾನ ಬಂದಾಗ, ನಾನು ಹೊರದ ಹರಕೆಯನ್ನು ಹೊತ್ತಿದ್ದೆನೆಂದು ಹೇಳಿ, ಅವರನ್ನು ಕರೆತಂದು, “ವಾಸಿಯಾಯ್ತಲ್ಲ, ಮುಡಿ ಕೊಡ್ಬೇಕು,” ಎಂದು ಕೂರಿಸಿ ತಲೆ ಬೋಳಿಸಿದ್ದೆ. ನಂಜುಂಡಾ, ನೀನು ಬೇರೆ ಏನೂ ತಿಳಿಯಬೇಡ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ, ಅಷ್ಟೇ. ಅವರು ಅವತ್ತು ಎರಡು ತುತ್ತು ಹೆಚ್ಚು ಉಂಡಿದ್ದರು. ಅಂದರೆ ನಮ್ಮ ಮನೆತನದಲ್ಲಿ ದೇವರಿಗೂ ಕಫ ಎಂದು ಹೇಳುವ ರೂಢಿ ಇದೆ. ಹಾಗಿರುವಾಗ ನನ್ನದೇ ಹೊಟ್ಟೆಯಲ್ಲಿ ಹುಟ್ಟಿದ ಮಾದೇವಿ ಕೊಡಿಸಿದ ಮುಡಿ ಯಾವುದರ ಸಾಕ್ಷಿ?

ಊರಿಗೆ ಬಂದ ಮೇಲಂತೂ ಗೊಂದಲ ಮೂಟೆಯಾಯಿತು. ಬಸ್ಸಿಳಿದು ಬೀದಿಗೆ ಬಂದವಳನ್ನು ನೋಡಿ ಮೊದಲು ಬಾಯಿ ಮೇಲೆ ಕೈಯಿಟ್ಟುಕೊಂಡವಳು ಎದುರುಮನೆಯ ಪುಟ್ಟತಾಯಿ. ನನಗಿಂತ ಹದಿನೈದು ವರ್ಷ ಚಿಕ್ಕವಳು, ಬೀದಿಗೆ ಸೊಸೆಯಾಗಿ ಬಂದಾಗಿನಿಂದ ನನ್ನನ್ನು ಅಕ್ಕ ಎನ್ನುವವಳು. ಸಂಜೆಗೆ ಆರು ಬಾಳೆಹಣ್ಣು ತಂದು ಪಕ್ಕದಲ್ಲಿಟ್ಟು, ನನ್ನ ತಲೆಯನ್ನು ನೋಡದ ಹಾಗೆ ನೋಡುತ್ತ ಕೇಳಿದಳು:

“ಕರೆಂಟು ಕೊಟ್ರಾ ಅಕ್ಕ?” ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿ ಕೊಡುವ ಕಿರಣದ ಚಿಕಿತ್ಸೆಗೆ ನಮ್ಮ ಕಡೆ ಕರೆಂಟು ಎನ್ನುವುದು, ಅದರಿಂದಲೇ ಕೂದಲು ಹೋಯಿತೆಂದು ಅವಳ ಲೆಕ್ಕ.

“ಕರೆಂಟೂ ಇಲ್ಲ ಗಿರೆಂಟೂ ಇಲ್ಲ. ನಂಜುಂಡಂಗೆ ಮುಡಿ ಕೊಟ್ಟು ಬಂದಿವ್ನಿ. ನಂಗೇನೂ ಇಲ್ವಂತೆ.”

“ಔದೌದು,” ಎಂದಳು ಪುಟ್ಟತಾಯಿ, ಬಹಳ ಬೇಗ. “ಏನೂ ಇಲ್ಲ ಬುಡಕ್ಕ. ಕಫ ಅಷ್ಟೇಯ.”

ಸಾಯುವವರ ಎದುರು ನಾವು ಹೇಗೆ ಬೇಗಬೇಗ ತಲೆಯಾಡಿಸುತ್ತೇವೋ ಹಾಗೆ ಆಡಿಸಿದಳು. ನಾನು ಇಲ್ಲ ಎಂದಷ್ಟೂ ಅವಳ ಕಣ್ಣು ತುಂಬಿತು. ಇದೆ ಎಂದಿದ್ದರೆ ಅನುಮಾನ ಪಡುತ್ತಿದ್ದಳೋ ಏನೋ. ಅವಳ ಸೊಸೆ ಹೆತ್ತು ಹನ್ನೊಂದು ದಿನವಾಗಿತ್ತು, ಗಂಡುಕೂಸು. ನಮ್ಮ ಬೀದಿಯಲ್ಲಿ ಕೂಸು ಹುಟ್ಟಿದರೆ ಎಣ್ಣೆ ಹಚ್ಚಿ ನೀರು ಹಾಕುವವಳು ನಾನು. ಪುಟ್ಟತಾಯಿಯ ಗಂಡನ ತಮ್ಮನಿಂದ ಹಿಡಿದು ಈಗ ಹೆತ್ತ ಆ ಸೊಸೆಯ ಗಂಡನವರೆಗೆ ಎಲ್ಲರೂ ನನ್ನ ಕಾಲ ಮೇಲೆ ಮಲಗಿ ಅತ್ತವರೇ. ಈ ಕೂಸಿಗೆ ನನ್ನನ್ನು ಕರೆಯಲಿಲ್ಲ. ಅಂಟುವ ಕಾಯಿಲೆಯಲ್ಲ ಅದು ಎಂದು ಅವಳಿಗೂ ಗೊತ್ತು, ಆದರೂ ಕರೆಯಲಿಲ್ಲ. ನಾನು ಜಗಲಿಯ ಮೇಲೆ ಕೂತು, ಎದುರುಮನೆಯ ಬಚ್ಚಲಿನಿಂದ ಆ ಕೂಸು ಅಳುವುದನ್ನು ದಿನಾ ಕೇಳಿದೆ.

ಒಂಬತ್ತು ದಿನ ಹೀಗಾಯಿತು. ಮಗನನ್ನು ಕೇಳಿದರೆ, “ಎಣ್ಣೆನೇ ಕಣವ್ವ, ಇನ್ನೆಷ್ಟ್ ಸಲ ಏಳ್ಬೇಕು?” ಎಂದು ರೇಗುತ್ತಾನೆ. ರೇಗುವುದು ನಿಜ ಹೇಳುವವರ ಲಕ್ಷಣವೋ, ಸಿಕ್ಕಿಬಿದ್ದವರ ಲಕ್ಷಣವೋ? ನಾನೂ ಗಂಡನ ಮೇಲೆ ರೇಗಿದ್ದೆ. ಈ ಮಕ್ಕಳು ಏನೇನು ಮಾಡಿದರೂ ಅದನ್ನು ನಾನು ಮೊದಲೇ ಮಾಡಿಟ್ಟಿದ್ದೇನೆ. ನನ್ನ ಮಕ್ಕಳ ಮುಖ ನೋಡಿದರೆ ನನ್ನದೇ ಹಳೆಯ ಮುಖ ಕಾಣುತ್ತದೆ. ಕೊನೆಗೆ ನನಗೆ ಹೊಳೆದದ್ದು ಇಷ್ಟು: ನಮ್ಮ ಜನ ಸುಳ್ಳು ಹೇಳುವುದು ಸಾಯುವವರ ಎದುರಿಗೆ. ಸತ್ತವರ ಬಗ್ಗೆ ಯಾರೂ ಸುಳ್ಳು ಹೇಳುವುದಿಲ್ಲ. ಆದ್ದರಿಂದ ನಿಜ ತಿಳಿಯಬೇಕಾದರೆ ನಾನು ಸತ್ತು ಕೇಳಬೇಕು.

ಮೊಳೆಗೆ ತೂಗುಹಾಕಿದ್ದ ಆಸ್ಪತ್ರೆಯ ಚೀಲದಿಂದ ಕಾಗದಗಳನ್ನೆಲ್ಲ ತೆಗೆದು ಸೆರಗಿನೊಳಗೆ ಇಟ್ಟುಕೊಂಡು, ಹಲ್ಲುನೋವೆಂದು ಸೊಸೆಗೆ ಹೇಳಿ, ನರಸೀಪುರದ ಬಸ್ಸು ಹತ್ತಿದೆ. ಕಾಗದವೆಲ್ಲ ಇಂಗ್ಲಿಷು; ನಾನು ಕನ್ನಡವನ್ನೇ ಅಕ್ಷರ ಕೂಡಿಸಿಕೊಂಡು ಓದುವವಳು. ಪರಿಚಯದ ಔಷಧಿ ಅಂಗಡಿಗೆ ಹೋಗುವ ಹಾಗಿಲ್ಲ, ಅವನು ಮಗನಿಗೆ ಫೋನು ಮಾಡುತ್ತಾನೆ. ಪೇಟೆ ದಾಟಿ, ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬು ಕಾಣಿಸಿತು. ಒಳಗೆ ಮೂವತ್ತು ದಾಟಿದ ಒಬ್ಬ ಹೆಣ್ಣುಮಗಳು ಒಬ್ಬಳೇ ಕೂತು ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ನನಗೆ ಅವಳು ಯಾರೋ, ಅವಳಿಗೆ ನಾನು ಯಾರೋ. ಅದೇ ಬೇಕಾಗಿದ್ದದ್ದು.

“ಇದ ವಸಿ ಓದ್ ಏಳವ್ವ,” ಎಂದು ಕಾಗದ ಮುಂದಿಟ್ಟೆ. “ನಮ್ಮ ವಾರಗಿತ್ತಿ ಗೌರಮ್ಮಂದು. ತೀರ್ಕಂಡ್ಲು. ಏನಾಗಿತ್ತು ಅಂತ ತಿಳ್ಕಬೇಕಾಗಿತ್ತು.”

ಗೌರಮ್ಮ ಎಂದರೆ ನಾನೇ. ನನ್ನ ಹೆಸರನ್ನು ಸತ್ತವರ ಹೆಸರಿನ ಹಾಗೆ ಹೇಳಿದಾಗ ನಾಲಿಗೆ ಸ್ವಲ್ಪವೂ ತೊದಲಲಿಲ್ಲ. ಅವಳು ಕಾಗದ ತಿರುವಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಓದಿ ಮುಗಿಸುವವರೆಗೆ ಅವಳು ತಲೆಯೆತ್ತಲಿಲ್ಲ. ನನ್ನ ಎದೆ, ಎಣ್ಣೆಯೋ ಗಡ್ಡೆಯೋ ತುಂಬಿಕೊಂಡ ಆ ಎದೆ, ಕಣದಲ್ಲಿ ಭತ್ತ ಬಡಿದ ಹಾಗೆ ಬಡಿಯುತ್ತಿತ್ತು. ಆಗ ನನಗೆ ಗೊತ್ತಾಯಿತು, ನಾನು ಸಾಯುವುದಕ್ಕೆ ತಯಾರಾಗಿದ್ದೇನೆ ಎಂದು ಅಷ್ಟು ದಿನ ಅಂದುಕೊಂಡದ್ದು ಶುದ್ಧ ಸುಳ್ಳು.

“ಕ್ಯಾನ್ಸರ್ ಇರಬಹುದು ಅಂತ ಅನುಮಾನ ಇತ್ತು, ಅದಕ್ಕೆ ಬಯಾಪ್ಸಿ ಮಾಡಿದಾರೆ,” ಎಂದಳು. “ಆದ್ರೆ ಕ್ಯಾನ್ಸರ್ ಕಣ ಏನೂ ಇಲ್ಲ ಅಂತ ಬರೆದಿದಾರೆ. ಎಣ್ಣೆ ಕುಡಿದು ಉಬ್ಬಿರೋ ಕಣ ಇದೆ ಅಂತೆ. ಮೂಗಿಗೆ ಎಣ್ಣೆ ಹಾಕ್ಕೋತಿದ್ರಾ ಅವರು?”

“ಊಂ, ಆಕ್ಕತಿದ್ಲು.”

“ಅದೇ. ಯಾವ ಕಾರಣಕ್ಕೆ ತೀರ್ಕೊಂಡ್ರೋ ಗೊತ್ತಿಲ್ಲ ಅಜ್ಜಿ, ಆದ್ರೆ ಇದರಿಂದ ಸತ್ತಿಲ್ಲ.”

ಅಷ್ಟು ಹೇಳಿ ಆಮೇಲೆ ತಲೆಯೆತ್ತಿದಳು. ನನ್ನ ತಲೆ ನೋಡಿದಳು, ಕಾಗದ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

“ನೀವ್ಯಾಕಜ್ಜಿ ಮುಡಿ ಕೊಟ್ಟಿದೀರ?”

“ಅವ್ಳು ವಾಸಿಯಾಗ್ಲಿ ಅಂತ ಅರಕೆ ಒತ್ತಿದ್ದೆ.”

“ವಾಸಿಯಾಗೋ ಕಾಯಿಲೇನೇ ಅಲ್ವಾ ಇದು. ಮತ್ತೆ ಹೇಗೆ ಸತ್ರು?”

“ಎಮ್ಮೆ ತಿವೀತು,” ಎಂದೆ. ಬೇರೇನೂ ತೋಚಲಿಲ್ಲ.

ಅವಳು ಕಾಗದ ಮಡಿಸಿ ನನ್ನ ಕೈಗಿಟ್ಟು, ನಗು ತಡೆದುಕೊಂಡು, “ಗೌರಮ್ಮನವರೇ, ಹುಷಾರಾಗಿ ಹೋಗಿ,” ಎಂದಳು.

ಹೊರಗೆ ಬಂದೆ. ಕಾಲು ತಾನಾಗಿ ಹೊಳೆಯ ಕಡೆ ನಡೆಯಿತು. ಕಪಿಲೆ ಬಂದು ಕಾವೇರಿಗೆ ಕೂಡುವ ಜಾಗದಲ್ಲಿ ನಿಂತು ನೀರು ನೋಡಿದೆ; ಈ ನೀರು ಯಾವುದು, ಆ ನೀರು ಯಾವುದು ಎಂದು ಹೇಳಬಲ್ಲವರನ್ನು ನಾನು ಕಂಡಿಲ್ಲ. ಸಂತೋಷಪಡೋಣವೆಂದು ನಿಂತವಳಿಗೆ ಸಂತೋಷದ ಬದಲು ಇನ್ನೊಂದು ಬಂತು. ಕ್ಯಾನ್ಸರಾಗಿದ್ದರೆ ಅದು ಯಾರೂ ತಂದಿಟ್ಟದ್ದಲ್ಲ. ಎಣ್ಣೆಯಾದರೆ ನನ್ನ ಕೈಯೇ ತಂದಿಟ್ಟದ್ದು. ನನ್ನ ಮೂಗಿಗೆ ಮಾತ್ರ ಬಿಟ್ಟಿದ್ದರೆ ಹೋಗಲಿ ಎನ್ನಬಹುದಿತ್ತು. ಕೂಸಿಗೆ ನೀರು ಹಾಕುವ ಮೊದಲು ಎರಡೂ ಮೂಗಿಗೆ ಬೆಚ್ಚನೆಯ ಹರಳೆಣ್ಣೆ ಬಿಟ್ಟು, ಬಾಯಿಂದ ಒಮ್ಮೆ ಊದಿ ಒಳಕ್ಕೆ ಕಳಿಸುವುದು ನನ್ನ ಕ್ರಮ. ಎಷ್ಟು ಕೂಸುಗಳಿಗೋ ಊದಿದ್ದೇನೆ. ಬಹಳ ಕೂಸು ಗುಂಡುಗುಂಡಾಗಿ ಬೆಳೆದವು. ಕೆಲವು ಗೊರಗೊರ ಎಂದು ಕೆಮ್ಮಿದವು; ಶೀತ ಎಂದೆವು. ಒಂದೆರಡು ಕೆಮ್ಮಿ ಕೆಮ್ಮಿ ಹೋಗಿಯೂಬಿಟ್ಟವು, ದೃಷ್ಟಿ ಎಂದೆವು. ಅವು ಶೀತಕ್ಕೇ ಹೋದವೋ, ನನ್ನ ಉಸಿರಿಗೆ ಹೋದವೋ, ಈಗ ಯಾವ ಕಾಗದ ತೆಗೆದು ಯಾರ ಮುಂದೆ ಇಡಲಿ? ಎಂದೂ ಗೊತ್ತಾಗದ ಒಂದು ಮಚ್ಚೆ ಅದು. ನಾನು ಅತ್ತೆನೆಂದು ತಿಳಿಯಬೇಡಿ, ಅಳಲಿಲ್ಲ. ಅಳುವುದಕ್ಕೂ ಏನಾಗಿದೆಯೆಂದು ಖಚಿತವಾಗಿ ಗೊತ್ತಿರಬೇಕು.

ಬಸ್ಸಿಳಿದವಳು ಮನೆಗೆ ಹೋಗಲಿಲ್ಲ, ನೇರ ಎದುರುಮನೆಯ ಬಚ್ಚಲಿಗೆ ಹೋದೆ. ಪುಟ್ಟತಾಯಿ ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು, ಹಂಡೆಯಲ್ಲಿ ನೀರು ಕಾದಿತ್ತು. ಅಂಗೈಯಲ್ಲಿ ಎಣ್ಣೆ ಹಿಡಿದು ಕೂಸಿನ ಮೂಗಿನ ಹತ್ತಿರ ತಂದಿದ್ದಳು. ಮಣಿಕಟ್ಟು ಹಿಡಿದುಕೊಂಡೆ.

“ಬ್ಯಾಡ, ಮೂಗಿಗೆ ಬುಡಬ್ಯಾಡ.”

“ಯಾಕಕ್ಕ? ನೀನೇ ತಾನೆ ಕಲಿಸ್ಕೊಟ್ಟಿದ್ದು?”

“ನಾನೇ ಕಣೆ ಕಲಿಸಿದ್ದು. ತಪ್ಪು ಕಲಿಸಿವ್ನಿ. ಅದು ಎದೆಗೆ ಇಳೀತದೆ. ನನ್ನೆದೇಲಿ ಇರೋದೂ ಅದೇ, ಎಣ್ಣೆ. ಕ್ಯಾನ್ಸರ್ ಅಲ್ಲ. ಕಾಗದ ಇಲ್ಲೇ ಅದೆ ನೋಡು.”

ಪುಟ್ಟತಾಯಿ ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದಳು. ಅವಳ ಮನಸ್ಸಿನಲ್ಲಿ ಓಡುತ್ತಿದ್ದದ್ದು ನನಗೆ ಅಕ್ಷರ ಕೂಡಿಸಿ ಓದುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು: ಪಾಪ, ಎಣ್ಣೆ ಅಂತ ಹೇಳಿ ನಂಬಿಸಿದ್ದಾರೆ, ಇವಳೂ ನಂಬಿಕೊಂಡಿದ್ದಾಳೆ. ಬಚ್ಚಲ ಬಾಗಿಲಿಗೆ ಬಂದು ನಿಂತ ಬಾಣಂತಿ ಸೊಸೆ, “ಎಣ್ಣೆ ಬುಡ್ದೆ ಇದ್ರೆ ಮೂಗು ಕಟ್ಕಳಲ್ವಾ ಅತ್ತೆ?” ಎಂದು ಕೇಳಿದಳು.

“ಸುಮ್ಕಿರವ್ವ,” ಎಂದಳು ಪುಟ್ಟತಾಯಿ, ದನಿ ತಗ್ಗಿಸಿ, ನನಗೆ ಕೇಳಿಸುವುದಿಲ್ಲವೆಂದುಕೊಂಡು. “ಓಗೋ ಜೀವ ಆಸೆಪಟ್ಟು ಏಳ್ತಾ ಅದೆ. ಸಾಯೋರ ಮಾತ ಮೀರ್ಬಾರ್ದು.”

ಅಂಗೈಯ ಎಣ್ಣೆಯನ್ನು ಬಚ್ಚಲ ಗೋಡೆಗೆ ಒರೆಸಿಬಿಟ್ಟಳು.

ನಾನು ಬಾಯಿ ತೆರೆದೆ. ನಾನು ಸಾಯುತ್ತಿಲ್ಲ ಕಣೆ, ಇದರಿಂದಂತೂ ಸಾಯುವುದಿಲ್ಲ ಎಂದು ಹೇಳುವುದಕ್ಕೆ. ಆ ಮಾತಿಗಾಗಿಯೇ ನರಸೀಪುರದವರೆಗೆ ಹೋಗಿ ಒಮ್ಮೆ ಸತ್ತು ಬಂದಿದ್ದೆ. ಹೇಳಿದರೆ ನಾನು ಏಳು ಮಕ್ಕಳ ಕೆಮ್ಮು ವಾಸಿ ಮಾಡಿದೆನೆಂದು ಬೀಗುವ, ಹಸುವಿಗೂ ಔಷಧಿ ಹೇಳುವ, ಬಾಯಿ ಜೋರಿನ ಹಳೆಯ ಗೌರಮ್ಮ. ಆ ಗೌರಮ್ಮನ ಮಾತನ್ನು ವಾದಿಸಬಹುದು, ತೆಗೆದುಹಾಕಬಹುದು. ಸಾಯುವ ಗೌರಮ್ಮನ ಮಾತನ್ನು ಯಾರೂ ತೆಗೆದುಹಾಕಲಾರರು. ಕೂಸು ಮೂಗರಳಿಸಿ ಒಂದು ಸೀನು ಸೀನಿತು.

ಬಾಯಿ ಮುಚ್ಚಿಕೊಂಡೆ. ಸ್ವಲ್ಪ ಕೆಮ್ಮಿದೆ ಕೂಡ.

ಇದು ಸರಿಯೋ ತಪ್ಪೋ ನನಗೆ ಬಗೆಹರಿದಿಲ್ಲ. ಸುಳ್ಳನ್ನು ಕಂಡು ಅಷ್ಟು ಸಿಟ್ಟಾದವಳು ನಾನೇ. ಈಗ ಊರಿಗೆ ಊರೇ ಹೇಳಿಕೊಳ್ಳುವ ಒಂದು ಸುಳ್ಳಿನ ಒಳಗೆ ಕಾಲು ಚಾಚಿಕೊಂಡು ಕೂತಿರುವವಳೂ ನಾನೇ. ನಿಮಗೆ ಏಕೆ ಹೇಳಿದೆ ಎಂದರೆ ನೀವು ನಮ್ಮ ಬೀದಿಯವರಲ್ಲ, ಪುಟ್ಟತಾಯಿ ಓದುವವಳಲ್ಲ. ಮೂರು ತಿಂಗಳಿಗೆ ಮೈಸೂರಿಗೆ ಹೋಗಬೇಕು, ಮಚ್ಚೆ ಸಣ್ಣದಾಗಿರುತ್ತದಂತೆ, ಈಗಾಗಲೇ 'ಮುಖಕ್ಕೆ ಕಳೆ ಬಂತಲ್ಲ ಅಕ್ಕ' ಎಂದು ಒಬ್ಬರಿಬ್ಬರು ಅನುಮಾನದಿಂದ ನೋಡುತ್ತಿದ್ದಾರೆ. ಆದರೆ ಕೆಳಗಿನ ಮನೆಯ ಸೊಸೆಗೆ ಏಳು ತಿಂಗಳು, ಡೈರಿಯವನ ಹೆಂಡತಿಗೆ ಐದು. ಅವರಿಬ್ಬರೂ ಹೆತ್ತು, ಕೂಸುಗಳ ಮೂಗು ಒಣಗಿರುವುದನ್ನು ನಾನು ಕಣ್ಣಾರೆ ನೋಡುವವರೆಗಾದರೂ ಹೇಗೋ ಮಾಡಿ ಸಾಯುತ್ತಲೇ ಇರಬೇಕು.